ಹಣ್ಣಾಗೋಕೆ ಒಂದೇ ಮನೆ ಬಾಕಿ

ಭಾನುವಾರ ಸಂಜೆ ಕರೆಂಟ್ ಹೋಯಿತು. ಸೀನನ ಮೊಬೈಲಿನಲ್ಲಿ ಚಾರ್ಜ್ 4 ಪರ್ಸೆಂಟ್, ಮುಖದಲ್ಲಿ ಅಷ್ಟೂ ಇರಲಿಲ್ಲ. ಸರಿ ಅಂತ ನಾನೇ ಹಜಾರದ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದಲ 25 ಮನೆ ಗೀಚಿ, ಅಜ್ಜಿಯ ಡಬ್ಬಿಯಿಂದ ನಾಲ್ಕು ಕವಡೆ ತಂದು ಚೌಕಾಬಾರ ಹೂಡಿದೆ. ಕಾಯಿಗಳು ಸೀನನಿಗೆ ಬಳೆಚೂರು, ಗಿರಿಗೆ ಹುಣಸೆಬೀಜ, ವಿಮಲಾಗೆ ಶರ್ಟ್ ಗುಂಡಿ, ನನಗೆ ಹುರಿದ ಕಡ್ಲೆಬೀಜ. ಈ ಕಡ್ಲೆಬೀಜವೇ ಮುಂದೆ ಮುಳುವಾಯಿತು.

"ಆಟ ಅಂದ್ರೆ ಚೆಸ್ ಕಣ್ರೋ, ತಲೆ ಬೇಕು" ಅಂದ ಗಿರಿ.

"ಓ, ಅದಕ್ಕೇನಾ ನೀನು ಯಾವಾಗಲೂ ಸೋಲೋದು?" ಅಂದಳು ವಿಮಲಾ.

ನನಗೆ ಕೇಳಿದರೆ, ಚೆಸ್‌ನಲ್ಲಿ ನನಗಿಂತ ಜಾಣರ ಎದುರು ಕೂತರೆ ಹತ್ತು ನಡೆಗೇ ಕಥೆ ಗೊತ್ತಾಗಿಬಿಡುತ್ತದೆ, ಉಳಿದದ್ದು ಬರೀ ಮರ್ಯಾದೆ ಹೋಗುವ ಕೆಲಸ. ಹಾವು ಏಣಿಯಲ್ಲಿ ನಾವು ದಾಳ ಹೇಳಿದಲ್ಲಿಗೆ ಕಾಯಿ ಹೊರುವ ಕೂಲಿಗಳು. ಚೌಕಾಬಾರದಲ್ಲಿ ಗರ ಬೀಳೋದು ಅದೃಷ್ಟ, ಆದರೆ ನಾಲ್ಕರಲ್ಲಿ ಯಾವ ಕಾಯಿ ನಡೆಸಬೇಕು ಅನ್ನೋದು ನಮ್ಮ ಕೈಲಿದೆ. ಜೊತೆಗೆ ನಮ್ಮ ಮನೆಯ ನಿಯಮ ಒಂದಿದೆ: ಒಂದಾದರೂ ಕಾಯಿ ಹೊಡೆಯದವರು ಒಳಸುತ್ತಿಗೆ ಹೋಗುವ ಹಾಗಿಲ್ಲ. ಸಾಧು ಪ್ರಾಣಿಗಳು ಹೊರಗೇ ಸುತ್ತುತ್ತಿರಬೇಕು!

"ಹೇಳ್ತೀನಿ ಕೇಳು," ಗಿರಿ ಲೆಕ್ಕ ಶುರುಮಾಡಿದ. "ಕವಡೆ ಎರಡೂ ಕಡೆ ಸಮವಾಗಿ ಬೀಳುತ್ತೆ ಅಂದ್ಕೋ. 16ರಲ್ಲಿ 6 ಸಲ ಎರಡು ಬೀಳುತ್ತೆ. ನಾಲ್ಕೂ ಅಂಗಾತ ಬೀಳೋ ಚೌಕ, ಅಂದ್ರೆ 4, ಒಂದೇ ಸಲ. ನಾಲ್ಕೂ ಬೋರಲು ಬೀಳೋ ಬಾರಾ, ಅಂದ್ರೆ 8, ಅದೂ ಒಂದೇ ಸಲ."

"ಹಿಂದಿಯಲ್ಲಿ ಬಾರಾ ಅಂದ್ರೆ 12 ಅಲ್ವಾ, ಇಲ್ಲಿ ಯಾಕೆ 8?" ಅಂತ ಸೀನ.

"ಸುಮ್ನಿರೋ." ವಿಮಲಾ ಕವಡೆಗಳನ್ನು ಎರಡೂ ಅಂಗೈ ನಡುವೆ ಕುಲುಕಿ, ಉಫ್ ಅಂತ ಊದಿ, ಚೆಲ್ಲಿದಳು. ನಾಲ್ಕೂ ಬೋರಲು. ಬಾರಾ! ಎಂಟು ನಡೆಸಿ ಮತ್ತೆ ಹಾಕಿದಳು, ಎರಡು. ಹಣ್ಣಾಗೋಕೆ, ಅಂದರೆ ನಡುಮನೆ ಸೇರೋಕೆ, ಒಂದೇ ಮನೆ ಬಾಕಿ ಇದ್ದ ಗಿರಿಯ ಹುಣಸೆಬೀಜ ಅವಳ ಗುಂಡಿಯಡಿ ಸಿಕ್ಕಿ ಸೀದಾ ಹೊರಟ ಕಟ್ಟೆಗೆ ವಾಪಸ್.

"ಆ ಒಂದು ಕವಡೆ ಗೋಡೆಗೆ ಒರಗಿತ್ತು! ಲೆಕ್ಕಕ್ಕಿಲ್ಲ!" ಗಿರಿ ಎದ್ದೇ ನಿಂತ. ಚೆಸ್ ಆಡುವಾಗ ಕೆಮ್ಮೋದಕ್ಕೂ ಯೋಚಿಸುವ ಮನುಷ್ಯ ಇವನು.

ಹತ್ತು ನಿಮಿಷ ಜಗಳ. ಇದೇ ಆಟದ ಆ್ಯಪ್ ಇದೆಯಂತೆ, ಆದರೆ ಅದರಲ್ಲಿ ಕವಡೆ ಯಾವತ್ತೂ ಗೋಡೆಗೆ ಒರಗೋದಿಲ್ಲ, ಯಾರೂ "ನಿನ್ನಾಣೆಗೂ ನೋಡಿದೆ" ಅನ್ನೋದಿಲ್ಲ. ಏನು ಸುಖ ಹೇಳಿ? ಅಷ್ಟರಲ್ಲಿ ಕರೆಂಟ್ ಬಂತು. ಫ್ಯಾನ್ ತಿರುಗಿತು. ಯಾರೂ ಏಳಲಿಲ್ಲ. ಗಿರಿಯಂತೂ ಸೇಡು ತೀರಿಸಿಕೊಳ್ಳದೆ ಊಟಕ್ಕೂ ಬರಲ್ಲ ಅಂದ.

ಬೆಳಕಿನಲ್ಲಿ ನೋಡುತ್ತೇನೆ, ಮಣೆಯ ಮೇಲೆ ನನ್ನ ಕಾಯಿ ಮೂರೇ. ಸೀನನ ದವಡೆ ಆಡುತ್ತಿದೆ.

"ಎಲ್ಲೋ ನನ್ನ ಕಾಯಿ?"

"ಹೊಡೆದೆ" ಅಂದ ಸೀನ, ನುಂಗಿ, ಕವಡೆ ಬಾಚಿಕೊಳ್ಳುತ್ತಾ. "ಹೊಡೆದವರಿಗೆ ಇನ್ನೊಂದು ಆಟ ಅಲ್ವಾ?"