ಬೇ ಏರಿಯಾ ಬಿಟ್ಟು ಫ್ರೆಸ್ನೋಗೆ ಹೋಗಬೇಕೆ? ಮನೆ ಕೊಳ್ಳುವ ಮೊದಲು ಯೋಚಿಸಬೇಕಾದ ಸಂಗತಿಗಳು

ಕ್ಯಾಲಿಫೋರ್ನಿಯಾದ ಬೇ ಏರಿಯಾ ಎಂದರೆ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಪ್ರದೇಶ. ಅಲ್ಲಿನ ಸ್ಯಾನ್ ಹೋಸೆಯಲ್ಲಿ ಬಾಡಿಗೆ ಮನೆಯಲ್ಲಿರುವ, ಇಬ್ಬರೂ ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿರುವ, ಇಬ್ಬರು ಸಣ್ಣ ಮಕ್ಕಳ ತಂದೆತಾಯಿಯಾದ ದಂಪತಿ ನಮ್ಮ ಕನ್ನಡಿಗರ ಗುಂಪಿನಲ್ಲಿ ಕೇಳಿರುವ ಪ್ರಶ್ನೆ, ನಮ್ಮಲ್ಲಿ ಅನೇಕರ ಮನೆಗಳಲ್ಲಿ ರಾತ್ರಿ ಊಟವಾದ ಮೇಲೆ ನಡೆಯುವ ಮಾತೇ ಆಗಿದೆ. ಬೇ ಏರಿಯಾದಲ್ಲಿ ಎಷ್ಟು ದುಡಿದರೂ ಸ್ವಂತ ಮನೆ ಕೈಗೆಟುಕದು ಎನ್ನುವುದಾದರೆ, ಫ್ರೆಸ್ನೋ, ಅದರ ಪಕ್ಕದ ಕ್ಲೋವಿಸ್‌ನಂಥ ಒಳನಾಡಿನ ಊರಿಗೆ ಹೋಗಿ ನೆಲೆಸಬಾರದೇಕೆ? ನಾವು ಬೇ ಏರಿಯಾದ ಫ್ರೀಮಾಂಟ್ ಬಿಟ್ಟು ಕ್ಲೋವಿಸ್‌ಗೆ ಬಂದವರು. ನನ್ನ ಪತಿ ಇಲ್ಲಿನ ಆಸ್ಪತ್ರೆಯೊಂದರಲ್ಲಿ ವೈದ್ಯರು, ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ, ಮಕ್ಕಳಿಬ್ಬರೂ ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಓದುತ್ತಿದ್ದಾರೆ. ಊರು ನಮಗೆ ಒಗ್ಗಿದೆ. ಆದರೂ 'ಮನೆ ಅಗ್ಗ, ಬಂದುಬಿಡಿ' ಎಂದು ಎಲ್ಲರಿಗೂ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಮನೆಯ ಬೆಲೆಗಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ: ನಿಮ್ಮಿಬ್ಬರಲ್ಲಿ ಒಬ್ಬರಿಗಾದರೂ ಈ ಊರಿನಲ್ಲೇ ಕೆಲಸವಿದೆಯೇ?

ಬೆಲೆಯ ವ್ಯತ್ಯಾಸ ನಿಜ, ಅದು ಸಣ್ಣದೂ ಅಲ್ಲ. ಸ್ಯಾನ್ ಹೋಸೆ ಇರುವ ಸಾಂಟಾ ಕ್ಲಾರಾ ಕೌಂಟಿಯಲ್ಲಿ ಸ್ವತಂತ್ರ ಮನೆಯೊಂದರ ಮಧ್ಯಮ ಬೆಲೆ 15 ಲಕ್ಷ ಡಾಲರ್ ದಾಟಿ ಬಹಳ ಕಾಲವಾಯಿತು. ಫ್ರೆಸ್ನೋ ಕೌಂಟಿಯಲ್ಲಿ ಅದು 4 ಲಕ್ಷದ ಆಸುಪಾಸಿನಲ್ಲಿದೆ, ಕ್ಲೋವಿಸ್‌ನಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು. 1978ರ ಪ್ರಪೊಸಿಷನ್ 13ರ ಪ್ರಕಾರ ಆಸ್ತಿ ತೆರಿಗೆಯ ಮೂಲ ದರ ಕೊಂಡ ಬೆಲೆಯ ಶೇಕಡಾ 1 ಆಗಿರುವುದರಿಂದ, ಮನೆ ಅಗ್ಗವಾದಷ್ಟೂ ವರ್ಷವರ್ಷದ ತೆರಿಗೆಯೂ ಹಗುರವಾಗುತ್ತದೆ. ಆದರೆ ಮಡೇರಾ ಕಡೆಗೆ ಎದ್ದಿರುವ ಹೊಸ ಬಡಾವಣೆಗಳಲ್ಲಿ ಇದರ ಜೊತೆಗೆ ಮೆಲ್ಲೋ-ರೂಸ್ ಎಂಬ ವಿಶೇಷ ತೆರಿಗೆಯೂ ಇರುವುದುಂಟು. ಮಾರಾಟ ಮಾಡುವವರು ತೋರಿಸುವ ಮಾಸಿಕ ಕಂತಿನ ಲೆಕ್ಕದಲ್ಲಿ ಅದು ಸೇರಿದೆಯೇ ಎಂದು ಕೇಳಿ ನೋಡಬೇಕು. ಟೆಕ್ಸಸ್‌ಗೆ ಹೋದವರ ಹಾಗೆ ರಾಜ್ಯದ ಆದಾಯ ತೆರಿಗೆ ಉಳಿಯುತ್ತದೆ ಎಂಬ ಆಸೆಯೂ ಬೇಡ, ಏಕೆಂದರೆ ನೀವು ಕ್ಯಾಲಿಫೋರ್ನಿಯಾದಲ್ಲೇ ಇರುತ್ತೀರಿ. ಇನ್ನೊಂದು ಮಾತನ್ನೂ ಹೇಳಲೇಬೇಕು. ಈ ಊರು ಅಗ್ಗ ಎನಿಸುವುದು ಕರಾವಳಿಯ ಸಂಬಳ ಪಡೆಯುವ ನಮ್ಮಂಥವರಿಗೆ. ಇಲ್ಲಿನ ತೋಟಗಳಲ್ಲಿ, ಹಣ್ಣು ಪ್ಯಾಕ್ ಮಾಡುವ ಶೆಡ್‌ಗಳಲ್ಲಿ ದುಡಿಯುವವರಿಗೆ ಇದೇ ಮನೆ ದುಬಾರಿ. ನಮ್ಮಂಥವರು ಹೊರಗಿನಿಂದ ಬಂದಷ್ಟೂ ಅವರಿಗೆ ಬಾಡಿಗೆ ಏರುತ್ತದೆ ಎಂಬುದು ನಮ್ಮ ನೆನಪಿನಲ್ಲಿರಬೇಕು.

ಈಗ ಕೆಲಸದ ವಿಷಯ. ನಿಮ್ಮ ಹಾಗೆ ಎಚ್-1ಬಿ ವೀಸಾದಲ್ಲಿದ್ದುಕೊಂಡು 'ಹೇಗೂ ಮನೆಯಿಂದ ಕೆಲಸ, ಎಲ್ಲಿದ್ದರೇನು' ಎಂದು ಯೋಚಿಸುವವರು ಮೊದಲು ತಿಳಿಯಬೇಕಾದದ್ದು, ಆ ವೀಸಾ ಕೆಲಸ ನಡೆಯುವ ಸ್ಥಳಕ್ಕೆ ಅಂಟಿಕೊಂಡಿದೆ ಎಂಬುದನ್ನು. ಅಮೆರಿಕದ ವಲಸೆ ಇಲಾಖೆ 2015ರಲ್ಲಿ ನೀಡಿದ ಸಿಮಿಯೋ ತೀರ್ಪಿನ ನಂತರ, ಕೆಲಸದ ಸ್ಥಳ ಒಂದು ಮಹಾನಗರ ಪ್ರದೇಶದಿಂದ ಇನ್ನೊಂದಕ್ಕೆ ಬದಲಾದರೆ ಕಂಪನಿಯು ತಿದ್ದುಪಡಿ ಅರ್ಜಿ ಸಲ್ಲಿಸಲೇಬೇಕು, ಅದೂ ನೀವು ಅಲ್ಲಿ ಕೆಲಸ ಶುರು ಮಾಡುವುದಕ್ಕೆ ಮೊದಲು. ನಿಮ್ಮ ಮನೆಯೇ ಕಚೇರಿಯಾಗಿದ್ದರೆ ಆ ಮನೆಯ ವಿಳಾಸವೇ ಕೆಲಸದ ಸ್ಥಳ. ಮ್ಯಾನೇಜರ್ ಬಾಯಿಮಾತಿನಲ್ಲಿ ಒಪ್ಪಿದರೆ ಸಾಲದು; ಕಂಪನಿಯ ವಲಸೆ ವಕೀಲರಿಂದ ಲಿಖಿತ ಉತ್ತರ ಪಡೆಯದೆ ಸಾಮಾನು ಕಟ್ಟಬೇಡಿ. ಗ್ರೀನ್ ಕಾರ್ಡಿನ ಮೊದಲ ಹಂತವಾದ ಪರ್ಮ್ (ಆ ಕೆಲಸಕ್ಕೆ ಅಮೆರಿಕದವರು ಸಿಗಲಿಲ್ಲವೆಂದು ಕಂಪನಿ ತೋರಿಸುವ ಪ್ರಕ್ರಿಯೆ) ಕೂಡ ಸ್ಥಳಕ್ಕೆ ಸಂಬಂಧಿಸಿದ್ದರಿಂದ ಅದನ್ನು ಮತ್ತೆ ಮಾಡಬೇಕಾಗಿ ಬರಬಹುದು, ಮುಂದಿನ ಹಂತವಾದ ಐ-140 ಅರ್ಜಿ ಮಂಜೂರಾಗಿದ್ದರೆ ಸರದಿಯ ದಿನಾಂಕ ಮಾತ್ರ ಉಳಿದುಕೊಳ್ಳುತ್ತದೆ. ಇದರ ಜೊತೆಗೆ, ಊರಿಗೆ ತಕ್ಕಂತೆ ಸಂಬಳ ಇಳಿಸುವ ಕಂಪನಿಗಳೂ ಇವೆ.

ಕೆಲಸ ಹೋದರೆ ಏನಾಗುತ್ತದೆ ಎಂಬುದು ಇದಕ್ಕಿಂತ ಗಂಭೀರವಾದ ಪ್ರಶ್ನೆ. 2017ರಿಂದ ಜಾರಿಯಲ್ಲಿರುವ ನಿಯಮದಂತೆ, ಕೆಲಸ ಕಳೆದುಕೊಂಡ ಎಚ್-1ಬಿ ನೌಕರರಿಗೆ ಸಿಗುವುದು ಹೆಚ್ಚೆಂದರೆ 60 ದಿನಗಳು. ಸ್ಯಾನ್ ಹೋಸೆಯಲ್ಲಿದ್ದರೆ ಆ ಅವಧಿಯಲ್ಲಿ ಮನೆ ಬದಲಿಸದೆ, ಮಗುವಿನ ಶಾಲೆ ಬಿಡಿಸದೆ ಹತ್ತಾರು ಕಡೆ ಪ್ರಯತ್ನಿಸಬಹುದು. ಫ್ರೆಸ್ನೋದಲ್ಲಿ ಸಾಫ್ಟ್‌ವೇರ್ ಕೆಲಸ ಕೊಡುವವರು ಬೆರಳೆಣಿಕೆಯಷ್ಟು. ಆಗ ವಾರಕ್ಕೆ ಮೂರು ದಿನ ಕಚೇರಿಗೆ ಬನ್ನಿ ಎನ್ನುವ ಕೆಲಸವನ್ನೇ ಒಪ್ಪಿಕೊಳ್ಳಬೇಕಾಗಬಹುದು, ಮತ್ತು ಆ ಕಚೇರಿ ಇರುವುದು ಪಚೇಕೊ ಪಾಸ್ ಎಂಬ ಬೆಟ್ಟದ ಹಾದಿಯ ಆಚೆ, ಬೇ ಏರಿಯಾದಲ್ಲಿ, ಸುಮಾರು 150 ಮೈಲಿ ದೂರದಲ್ಲಿ. ಒಂದು ದಾರಿಗೆ ಎರಡೂವರೆ ಗಂಟೆಯಂತೆ ಕಾರು ಓಡಿಸಿ ಮಕ್ಕಳು ಮಲಗಿದ ಮೇಲೆ ಮನೆ ಸೇರುವ ತಂದೆಯರನ್ನು ನಾನು ಇಲ್ಲಿ ನೋಡಿದ್ದೇನೆ. ಅವರಿಗೆ ದೊಡ್ಡ ಮನೆಯಿದೆ, ಆ ಮನೆಯಲ್ಲಿ ಇರಲು ಹೊತ್ತಿಲ್ಲ. ಹೈಸ್ಪೀಡ್ ರೈಲು ಬಂದರೆ ಎಲ್ಲವೂ ಸರಿಹೋಗುತ್ತದೆ ಎನ್ನುವವರಿದ್ದಾರೆ. 2015ರಲ್ಲಿ ಫ್ರೆಸ್ನೋದಲ್ಲೇ ಅದರ ಕಾಮಗಾರಿಗೆ ಚಾಲನೆ ಸಿಕ್ಕಿತು, ಕಂಬಗಳೂ ಸೇತುವೆಗಳೂ ಎದ್ದಿವೆ, ಆದರೆ ಈಗ ಕಟ್ಟುತ್ತಿರುವುದು ಫ್ರೆಸ್ನೋ ಇರುವ ಸ್ಯಾನ್ ವಾಕೀನ್ ಕಣಿವೆಯೊಳಗಿನ ಭಾಗವನ್ನು ಮಾತ್ರ. ಆ ರೈಲನ್ನು ನಂಬಿ ಮನೆ ಕೊಳ್ಳಬಾರದು.

ಕೆಲಸ ಇಲ್ಲಿಯೇ ಇರುವವರಿಗೆ ಮಾತ್ರ ಈ ಊರು ಕೈ ಬಿಡುವುದಿಲ್ಲ. ಆಸ್ಪತ್ರೆಗಳಿಗೆ ವೈದ್ಯರ ಕೊರತೆ ಸದಾ ಇದೆ. 1975ರಿಂದ ಇಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವೈದ್ಯಕೀಯ ವಿಶ್ವವಿದ್ಯಾಲಯವಾದ ಯುಸಿಎಸ್‌ಎಫ್, ವೈದ್ಯರಿಗೆ ತರಬೇತಿ ನೀಡುತ್ತಿರುವುದೂ ಆ ಕೊರತೆಯನ್ನು ತುಂಬಿಕೊಳ್ಳುವುದಕ್ಕಾಗಿಯೇ. ಜೆ-1 ಎಂಬ ತರಬೇತಿ ವೀಸಾದಲ್ಲಿ ಬಂದು, ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಮೂರು ವರ್ಷ ಸೇವೆ ಸಲ್ಲಿಸುವ ಕಾನ್ರಾಡ್ 30 ಯೋಜನೆಯ ಮೂಲಕ ನೆಲೆ ಕಂಡುಕೊಳ್ಳುವ ವೈದ್ಯರಿಗೆ ಇಂಥ ಕಣಿವೆಯ ಊರುಗಳೇ ಆಸರೆ. ಫ್ರೆಸ್ನೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬೋಧಕರಾಗಿರುವವರು, ನೀರಾವರಿ ಎಂಜಿನಿಯರುಗಳು, ಆಹಾರ ಸಂಸ್ಕರಣೆಯಲ್ಲಿರುವವರು, ಇವರೆಲ್ಲರೂ ಧೈರ್ಯವಾಗಿ ಬರಬಹುದು. ಜಿಕೆವಿಕೆಯಲ್ಲೋ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲೋ ಓದಿ ಈ ದೇಶಕ್ಕೆ ಬಂದವರಿಗಂತೂ ಫ್ರೆಸ್ನೋ ಬಳಿಯ ಪಾರ್ಲಿಯರ್‌ನಲ್ಲಿರುವ ಕೃಷಿ ಸಂಶೋಧನಾ ಕೇಂದ್ರಗಳಿಗಿಂತ ಹತ್ತಿರದ ಜಾಗ ಕ್ಯಾಲಿಫೋರ್ನಿಯಾದಲ್ಲಿ ಸಿಗುವುದು ಕಷ್ಟ.

ಮಕ್ಕಳಿರುವವರು ಕೆಲಸದ ನಂತರ ಯೋಚಿಸಬೇಕಾದದ್ದು ಗಾಳಿಯ ಬಗ್ಗೆ. ಇದನ್ನು ನಾನು ಮೃದುವಾಗಿ ಹೇಳಲಾರೆ. ಸ್ಯಾನ್ ವಾಕೀನ್ ಕಣಿವೆಯ ಪಶ್ಚಿಮಕ್ಕೆ ಕರಾವಳಿ ಬೆಟ್ಟಗಳು, ಪೂರ್ವಕ್ಕೆ ಸಿಯೆರ‍್ರಾ ನೆವಾಡಾ, ದಕ್ಷಿಣಕ್ಕೆ ಟೆಹಾಚಪಿ ಬೆಟ್ಟಗಳಿವೆ. ಚಳಿಗಾಲದಲ್ಲಿ ತಣ್ಣನೆಯ ಗಾಳಿ ಕೆಳಗೆ ನಿಂತು ಬಿಸಿ ಗಾಳಿ ಮೇಲೆ ಕವಿದಾಗ, ಪಾತ್ರೆಯ ಮೇಲೆ ಮುಚ್ಚಳ ಇಟ್ಟಂತಾಗಿ, ಹೆದ್ದಾರಿ 99ರ ಲಾರಿಗಳ ಹೊಗೆ, ಮನೆಗಳ ಸೌದೆ ಒಲೆಯ ಹೊಗೆ, ಹೊಲಗಳ ದೂಳು ಎಲ್ಲವೂ ದಿನಗಟ್ಟಲೆ ಅಲ್ಲೇ ಉಳಿಯುತ್ತವೆ. ಪಿಎಂ 2.5 ಎಂಬ ಸೂಕ್ಷ್ಮ ಕಣಗಳ ಮಟ್ಟದಲ್ಲಿ ಫ್ರೆಸ್ನೋ ಪ್ರದೇಶ ಅಮೆರಿಕದ ಅತ್ಯಂತ ಕಳಪೆ ಗಾಳಿಯ ಪಟ್ಟಿಗಳಲ್ಲಿ ವರ್ಷವರ್ಷವೂ ಮೇಲಿರುತ್ತದೆ. ಬೇಸಿಗೆಯಲ್ಲಿ ನೆಲಮಟ್ಟದ ಓಝೋನ್ ಹೆಚ್ಚುತ್ತದೆ, ಅದೂ ಶ್ವಾಸಕೋಶಕ್ಕೆ ಕೆಡುಕು. ಆಗಸ್ಟ್‌ನಿಂದ ಬಾದಾಮಿ ಕೊಯ್ಲು ಶುರುವಾದರೆ, ಯಂತ್ರವು ಮರವನ್ನು ಹಿಡಿದು ಅಲುಗಾಡಿಸಿ ಕಾಯಿ ಉದುರಿಸಿದ ಮೇಲೆ ನೆಲದಿಂದ ಗುಡಿಸಿ ಎತ್ತುವಾಗ ಏಳುವ ಕಂದು ದೂಳು ರಸ್ತೆಯವರೆಗೂ ಬರುತ್ತದೆ. ಅಂಥ ಸಂಜೆ ಕಾರಿನ ಗಾಜಿನ ಮೇಲೆ ಬೆರಳಿನಿಂದ ಹೆಸರು ಬರೆಯಬಹುದು. 2020ರ ಸೆಪ್ಟೆಂಬರ್‌ನಲ್ಲಿ ಬೆಟ್ಟದ ಮೇಲೆ ಕ್ರೀಕ್ ಫೈರ್ ಎಂಬ ಕಾಡ್ಗಿಚ್ಚು ಹೊತ್ತಿ ಉರಿದಾಗಲಂತೂ ಕಿಟಕಿ ತೆರೆಯುವಂತಿರಲಿಲ್ಲ. ಒಳ್ಳೆಯ ಬದಲಾವಣೆಗಳೂ ಆಗಿವೆ: ಕಿತ್ತುಹಾಕಿದ ತೋಟಗಳನ್ನು ಹೊಲದಲ್ಲೇ ಸುಡುವ ಪದ್ಧತಿಯನ್ನು 2025ರ ಆರಂಭದ ಹೊತ್ತಿಗೆ ಬಹುತೇಕ ನಿಲ್ಲಿಸಬೇಕೆಂದು ರಾಜ್ಯ 2021ರಲ್ಲಿ ತೀರ್ಮಾನಿಸಿತು. ಆದರೆ ನಿಮ್ಮ ಮಗುವಿಗೆ ಈಗಾಗಲೇ ಉಬ್ಬಸವಿದ್ದರೆ, ಇನ್‌ಹೇಲರ್ ಬಳಸುತ್ತಿದ್ದರೆ, ಮನೆ ಎಷ್ಟೇ ಅಗ್ಗವಾಗಿ ಸಿಕ್ಕರೂ ಬರಬೇಡಿ ಎಂದೇ ನಾನು ಹೇಳುತ್ತೇನೆ.

ವ್ಯಾಲಿ ಫೀವರ್ ಎಂಬ ಕಾಯಿಲೆಯ ಹೆಸರು ಬೇ ಏರಿಯಾದಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಇಲ್ಲಿನ ಮಣ್ಣಿನಲ್ಲಿರುವ ಶಿಲೀಂಧ್ರವೊಂದರ ಬೀಜಕಣಗಳು ದೂಳಿನೊಂದಿಗೆ ಶ್ವಾಸಕೋಶ ಸೇರಿ ಬರುವ ಸೋಂಕು ಇದು. ಬಹಳಷ್ಟು ಜನರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ವಾರಗಟ್ಟಲೆ ಜ್ವರ, ಕೆಮ್ಮು, ಸುಸ್ತು ಇರುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೂ ಗರ್ಭಿಣಿಯರಿಗೂ ಅದು ಉಲ್ಬಣಿಸುವ ಅಪಾಯ ಹೆಚ್ಚು. ಊರಿನಿಂದ ಬರುವ ನಮ್ಮ ತಂದೆತಾಯಿಯರಲ್ಲಿ ಸಕ್ಕರೆ ಕಾಯಿಲೆ ಸಾಮಾನ್ಯವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ. ನ್ಯುಮೋನಿಯಾ ಎಂದು ಕೊಟ್ಟ ಔಷಧಿಗೆ ಕೆಮ್ಮು ಬಗ್ಗದಿದ್ದರೆ ವ್ಯಾಲಿ ಫೀವರ್‌ನ ರಕ್ತಪರೀಕ್ಷೆ ಮಾಡಿಸಿ ಎಂದು ನೀವೇ ವೈದ್ಯರನ್ನು ಕೇಳಬೇಕು.

ಹವಾಮಾನಕ್ಕೆ ಜನ ಒಗ್ಗಿಕೊಳ್ಳುತ್ತಾರೆ. ಜುಲೈನಲ್ಲಿ ಸರಾಸರಿ ಗರಿಷ್ಠ ಉಷ್ಣತೆ 98 ಡಿಗ್ರಿ ಫ್ಯಾರನ್‌ಹೀಟ್‌ನ ಸುಮಾರಿಗೆ ಇರುತ್ತದೆ, 100 ದಾಟುವ ದಿನಗಳು ವರ್ಷಕ್ಕೆ ಒಂದು ತಿಂಗಳಿಗೂ ಹೆಚ್ಚು. ಎಸಿಯ ವಿದ್ಯುತ್ ಬಿಲ್ಲು ಮನೆಯ ಕಂತಿನಲ್ಲಿ ಉಳಿದ ಹಣದ ಒಂದು ಭಾಗವನ್ನು ತಿನ್ನುತ್ತದೆ. 2023ರ ಏಪ್ರಿಲ್ ನಂತರ ಹೊಸದಾಗಿ ಸೋಲಾರ್ ಹಾಕಿಸುವವರಿಗೆ ಗ್ರಿಡ್‌ಗೆ ಕೊಡುವ ವಿದ್ಯುತ್ತಿನ ಬೆಲೆ ಬಹಳ ಇಳಿದಿದೆ, ಆದ್ದರಿಂದ ಬ್ಯಾಟರಿಯ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಿ. ನನಗೆ ಬಿಸಿಲಿಗಿಂತ ಭಯವಾಗುವುದು ಟೂಲಿ ಮಂಜು. ನವೆಂಬರ್‌ನಿಂದ ಫೆಬ್ರವರಿಯವರೆಗೆ, ಮಳೆ ಬಿದ್ದ ಮರುದಿನಗಳಲ್ಲಿ, ನೆಲದಿಂದಲೇ ಎದ್ದು ಎದುರಿನ ಮನೆಯ ಗೇಟೂ ಕಾಣದಂತೆ ಕವಿಯುತ್ತದೆ. 2007ರ ನವೆಂಬರ್‌ನಲ್ಲಿ ಇಂಥ ಮಂಜಿನಲ್ಲೇ ಫ್ರೆಸ್ನೋ ಬಳಿ ಹೆದ್ದಾರಿ 99ರಲ್ಲಿ ನೂರಕ್ಕೂ ಹೆಚ್ಚು ವಾಹನಗಳು ಒಂದಕ್ಕೊಂದು ಗುದ್ದಿದ್ದವು. ಇಲ್ಲಿನ ಶಾಲೆಗಳಲ್ಲಿ ಮಂಜಿನ ದಿನದ ವೇಳಾಪಟ್ಟಿ ಎಂದೇ ಒಂದಿದೆ. ಬೆಳಿಗ್ಗೆ ಐದೂವರೆ ಆರಕ್ಕೆ ಬಸ್ ತಡ ಎಂಬ ಸಂದೇಶ ಬಂದರೆ ತಾಯಂದಿರಿಗೆ ಆ ದಿನದ ಮೊದಲ ಮೀಟಿಂಗ್ ಅಲ್ಲಿಗೆ ಮುಗಿಯಿತು.

ಶಾಲೆಗಳು ಈ ಊರಿನ ಬಲ. ಕ್ಲೋವಿಸ್ ಯೂನಿಫೈಡ್ ಎಂಬ ಶಾಲಾ ಜಿಲ್ಲೆಯ ಗಡಿ ಕ್ಲೋವಿಸ್ ನಗರದ ಗಡಿಯೊಂದಿಗೆ ನಿಲ್ಲುವುದಿಲ್ಲ. ಈಶಾನ್ಯ ಫ್ರೆಸ್ನೋದ ಅನೇಕ ಮನೆಗಳೂ ಅದರೊಳಗೆ ಬರುತ್ತವೆ, ಹಾಗಾಗಿ ವಿಳಾಸದಲ್ಲಿ ಫ್ರೆಸ್ನೋ ಎಂದಿದೆ ಎಂದ ಮಾತ್ರಕ್ಕೆ ಮನೆಯೊಂದನ್ನು ಕೈಬಿಡಬೇಕಿಲ್ಲ. ಫ್ರೆಸ್ನೋ ಸ್ಟೇಟ್ ಆವರಣದಲ್ಲೇ ಒಂದು ಪ್ರೌಢಶಾಲೆಯಿದೆ, 2005ರಲ್ಲಿ ಆರಂಭವಾದ ಮರ್ಸೆಡ್‌ನ ವಿಶ್ವವಿದ್ಯಾಲಯ ಒಂದು ಗಂಟೆಯ ದಾರಿ. ಪ್ರತಿಯೊಬ್ಬ ಮಗುವೂ ಕೋಚಿಂಗಿಗೆ ಓಡುವ ವಾತಾವರಣದಿಂದ ಬಂದ ನಮ್ಮ ಮಕ್ಕಳು ಇಲ್ಲಿ ಸ್ವಲ್ಪ ನಿರಾಳವಾಗಿ ಉಸಿರಾಡಿದ್ದನ್ನು ನಾನು ಕಂಡಿದ್ದೇನೆ. ಪುಸ್ತಕದಲ್ಲಿಲ್ಲದ್ದನ್ನೂ ಅವರು ಕಲಿಯುತ್ತಾರೆ. ಸೆಪ್ಟೆಂಬರ್ ಮೊದಲ ವಾರಗಳಲ್ಲಿ ದ್ರಾಕ್ಷಿ ಸಾಲುಗಳ ನಡುವೆ ಕಾಗದದ ಹಾಳೆಗಳನ್ನು ಹಾಸಿ ಗೊಂಚಲುಗಳನ್ನು ಬಿಸಿಲಿಗೆ ಒಣಹಾಕಿರುತ್ತಾರೆ. ಹಸಿರು ಹಣ್ಣು ಕಂದಾಗಿ ಒಣದ್ರಾಕ್ಷಿಯಾಗುವುದನ್ನೂ, ಆಕಾಶದಲ್ಲಿ ಮೋಡ ಕಂಡರೆ ರೈತನ ಮುಖ ಬದಲಾಗುವುದನ್ನೂ ನನ್ನ ಮಗಳು ಕಣ್ಣಾರೆ ನೋಡಿದ್ದಾಳೆ.

ಊರ ಹೊರಗೆ ಒಂದೆಕರೆ ಜಾಗವಿರುವ ಮನೆ ಕೊಂಡು ಕರಿಬೇವು, ನುಗ್ಗೆ ಬೆಳೆಸುವ ಆಸೆ ನಮ್ಮವರಲ್ಲಿ ಬಹಳ. ಅಂಥ ಮನೆಗೆ ನಗರದ ನೀರಿಲ್ಲದೆ ಸ್ವಂತ ಬಾವಿಯಿದ್ದರೆ, ಗೊಬ್ಬರದಿಂದ ಇಳಿದ ನೈಟ್ರೇಟ್ ಎಷ್ಟಿದೆ ಎಂದು ಪರೀಕ್ಷಿಸದೆ ಕೊಳ್ಳಬೇಡಿ, ಏಕೆಂದರೆ ಅದು ಎಳೆಗೂಸುಗಳಿಗೆ ಅಪಾಯಕಾರಿ. ಅಂತರ್ಜಲ ಇಳಿದಿರುವುದರಿಂದ 2014ರ ಕಾಯ್ದೆಯಂತೆ 2040ರೊಳಗೆ ಪಂಪ್ ಮಾಡುವುದನ್ನು ಮಿತಿಯೊಳಗೆ ತರಬೇಕಿದೆ. ಪಕ್ಕದಲ್ಲಿ ತೋಟವಿದ್ದರೆ ಕೀಟನಾಶಕ ಸಿಂಪಡಣೆಯ ಮುನ್ಸೂಚನೆ ನೀಡಲು ರಾಜ್ಯ 2025ರಲ್ಲಿ ಆರಂಭಿಸಿರುವ ಸ್ಪ್ರೇಡೇಸ್ ವ್ಯವಸ್ಥೆಯಲ್ಲಿ ಆ ವಿಳಾಸವನ್ನು ಹಾಕಿ ನೋಡಿ.

ಕನ್ನಡದ ವಿಷಯಕ್ಕೆ ಬಂದರೆ, ಬೇ ಏರಿಯಾದಲ್ಲಿ 1973ರಿಂದ ಕನ್ನಡ ಕೂಟವಿದೆ, ಯುಗಾದಿಗೆ ನಾಟಕವಿದೆ, ವಾರಾಂತ್ಯದ ಕನ್ನಡ ತರಗತಿಗಳಿವೆ. ಇಲ್ಲಿ ಭಾರತೀಯರೆಂದರೆ ಮುಖ್ಯವಾಗಿ ಪಂಜಾಬಿಗಳು. ತಲೆಮಾರುಗಳಿಂದ ಭೂಮಿ ಉಳುತ್ತಾ ಬಂದ ಅವರ ಗುರುದ್ವಾರಗಳಲ್ಲಿ ನಮಗೂ ಆದರದ ಸ್ವಾಗತವಿದೆ. ಕನ್ನಡದ ಮನೆಗಳು ಕೆಲವೇ ಇವೆ. ಮಕ್ಕಳ ಕನ್ನಡವನ್ನು ಸಂಘವೊಂದು ನೋಡಿಕೊಳ್ಳಲಿ ಎಂದು ಬಿಡುವಂತಿಲ್ಲ. ನಾವು ಕೆಲವು ಮನೆಯವರು ಸರದಿಯಂತೆ ಭಾನುವಾರ ಸೇರಿ ಕಾಗುಣಿತದಿಂದ ಕಥೆ ಓದುವವರೆಗೆ ಕಲಿಸುತ್ತೇವೆ, ಮತ್ತು ಮನೆಯೊಳಗೆ ಕನ್ನಡದಲ್ಲೇ ಮಾತು ಎಂಬುದನ್ನು ಬಿಟ್ಟುಕೊಟ್ಟಿಲ್ಲ. ನೂರು ಮಕ್ಕಳ ತರಗತಿಗಿಂತ ಈ ಐದಾರು ಮಕ್ಕಳ ಕೂಟದಲ್ಲಿ ನನ್ನ ಮಗ ಹೆಚ್ಚು ಮಾತಾಡಿದ್ದಾನೆ, ಆದರೆ ಇದಕ್ಕೆ ತಂದೆತಾಯಿಯ ಸಮಯ ಬೇಕು, ಪಚೇಕೊ ಪಾಸ್ ದಾಟಿ ಓಡಾಡುವವರಿಗೆ ಆ ಸಮಯ ಎಲ್ಲಿಂದ ಬರಬೇಕು?

ಹಿರಿಯರ ಬಗ್ಗೆಯೂ ಒಂದು ಮಾತು. ಫ್ರೆಸ್ನೋ ವಿಮಾನ ನಿಲ್ದಾಣಕ್ಕೆ ಭಾರತದಿಂದ ನೇರ ವಿಮಾನವಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿದು ಮೂರು ಗಂಟೆ ಕಾರಿನಲ್ಲಿ ಬರಬೇಕು. ಹಳೆಯ ರೈಲು ಹಳಿಯ ಜಾಗದಲ್ಲಿ ಮಾಡಿರುವ ಕ್ಲೋವಿಸ್‌ನ ನಡಿಗೆ ದಾರಿ ಬೆಳಗಿನ ಹೊತ್ತು ಬಹಳ ಹಿತ, ಆದರೆ ಹಿಂದಿ ಬಾರದ ನಮ್ಮ ಅತ್ತೆಯವರಿಗೆ ಅಲ್ಲಿ ಸಿಗುವ ಪಂಜಾಬಿ ಅಜ್ಜಿಯರೊಂದಿಗೆ ನಗು ಮಾತ್ರ ಸಾಧ್ಯವಾಯಿತು. ನಿಮ್ಮ ಹಿರಿಯರನ್ನು ಕರೆಸುವುದಾದರೆ ಮಾರ್ಚ್, ಏಪ್ರಿಲ್ ಒಳ್ಳೆಯ ಕಾಲ.

ನಿಮ್ಮ ಪ್ರಶ್ನೆಗೆ ನೇರವಾದ ಉತ್ತರ ಇದು. ಇಬ್ಬರೂ ಸಾಫ್ಟ್‌ವೇರ್‌ನಲ್ಲಿದ್ದೀರಿ, ಇಬ್ಬರೂ ಎಚ್-1ಬಿಯಲ್ಲಿದ್ದೀರಿ, ಇಲ್ಲಿ ಯಾರಿಗೂ ಕೆಲಸವಿಲ್ಲ. ಈ ಸ್ಥಿತಿಯಲ್ಲಿ ಫ್ರೆಸ್ನೋದಲ್ಲಿ ಮನೆ ಕೊಳ್ಳುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ. ಕಂಪನಿ ಲಿಖಿತವಾಗಿ ಒಪ್ಪಿ ತಿದ್ದುಪಡಿ ಅರ್ಜಿ ಹಾಕಿದರೆ, ಸ್ಯಾನ್ ಹೋಸೆಯ ಬಾಡಿಗೆಯಲ್ಲಿ ಉಳಿಯುವ ಹಣವನ್ನು ಬೇರೆಯಾಗಿಟ್ಟು, ಇಲ್ಲಿ ಒಂದು ವರ್ಷ ಬಾಡಿಗೆಗೆ ಇದ್ದು ನೋಡಿ. ಕರಾರು ಆಗಸ್ಟ್‌ನಲ್ಲಿ ಶುರುವಾಗಲಿ. ಕೊಯ್ಲಿನ ದೂಳು, ಚಳಿಗಾಲದ ಮಂಜು, ಜೂನ್‌ನ ಬಿಸಿಲು ಮೂರನ್ನೂ ಮಕ್ಕಳ ಎದೆ ಹೇಗೆ ತಾಳುತ್ತದೆ ಎಂದು ತಿಳಿಯುತ್ತದೆ. ಸಹಿ ಹಾಕುವ ಮೊದಲು ಆ ವಿಳಾಸ ಯಾವ ಶಾಲೆಗೆ ಸೇರಿದೆ ಎಂದು ಮನೆ ಮಾರುವ ಜಾಲತಾಣಗಳನ್ನು ನಂಬದೆ ಶಾಲಾ ಜಿಲ್ಲೆಯ ಕಚೇರಿಗೇ ಫೋನ್ ಮಾಡಿ ಕೇಳಿ. ಜನವರಿಯಲ್ಲಿ ಒಂದು ವಾರಾಂತ್ಯ ಬಂದು ಊರು ನೋಡುವುದಾದರೆ ನಮ್ಮ ಮನೆಯಲ್ಲೇ ಉಳಿದುಕೊಳ್ಳಬಹುದು.