ಅಪ್‌ಡೇಟ್: ಸ್ಪಾಟ್‌ಮ್ಯಾಟಿಕ್‌ನಲ್ಲಿ ಫ್ಲಾಶ್ ಕೊನೆಗೂ ಕೆಲಸ ಮಾಡಿತು

ಹೋದ ವಾರ ಕೇಳಿದ್ದೆನಲ್ಲ, ಚಿಕ್ಕಪ್ಪನ ಹಳೇ ಫಿಲ್ಮ್ ಕ್ಯಾಮೆರಾ ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್‌ಗೆ ಹೊಸ ಫ್ಲಾಶ್ ಹಾಕಿದರೆ ಮಿಂಚುತ್ತೆ, ಆದರೆ ರೀಲು ತೊಳೆಸಿದಾಗ ಫ್ರೇಮ್‌ಗಳೆಲ್ಲ ಕತ್ತಲು ಅಂತ. ಕಾರಣ ಸಿಕ್ಕಿತು, ಹೇಳೋಕೆ ನಾಚಿಕೆ ಆಗುತ್ತೆ.

ಕ್ಯಾಮೆರಾದ ಮುಂಭಾಗದಲ್ಲಿ ಎರಡು ಸಾಕೆಟ್ ಇವೆ, ಎಫ್‌ಪಿ ಮತ್ತು ಎಕ್ಸ್. ನಾನು ವೈರ್ ಚುಚ್ಚಿದ್ದು ಎಫ್‌ಪಿಗೆ. ಅದು ಹಳೇ ಕಾಲದ ಫ್ಲಾಶ್ ಬಲ್ಬುಗಳಿಗೆ, ಈಗಿನ ಎಲೆಕ್ಟ್ರಾನಿಕ್ ಫ್ಲಾಶ್‌ಗೆ ಎಕ್ಸ್. ಬಲ್ಬು ಉರಿದು ಪೂರ್ತಿ ಬೆಳಗಲು ಸಮಯ ಬೇಕು, ಹಾಗಾಗಿ ಶಟರ್‌ನ ಪರದೆ ತೆರೆಯುವ ಮೊದಲೇ ಸಿಗ್ನಲ್ ಹೋಗುತ್ತೆ. ನನ್ನದರಂಥ ಎಲೆಕ್ಟ್ರಾನಿಕ್ ಫ್ಲಾಶ್ ಅಷ್ಟರಲ್ಲಿ ಮಿಂಚಿ ಮುಗಿದೇ ಹೋಗಿರುತ್ತೆ! "ಯಾವ ತೂತಿಗೆ ಹಾಕಿದ್ದೀರಿ ನೋಡಿ" ಅಂದವರಿಗೆ ದೊಡ್ಡ ನಮಸ್ಕಾರ.

ಬ್ಯಾಟರಿ ಬದಲಿಸಿದ್ದು, ಹೊಸ ವೈರ್ ತಂದಿದ್ದು, ಶಟರ್ ವೇಗ 1/30 ಸೆಕೆಂಡಿಗೆ ಇಳಿಸಿದ್ದು ಯಾವುದೂ ಉಪಯೋಗಕ್ಕೆ ಬರಲಿಲ್ಲ.

ಇನ್ನೊಂದು ರೀಲು ಹಾಳುಮಾಡದೆ ಪರೀಕ್ಷಿಸಿದ್ದು ಹೀಗೆ: ಫಿಲ್ಮ್ ಇಲ್ಲದೆ ಹಿಂಬಾಗಿಲು ತೆಗೆದು, ಲೆನ್ಸ್ ಬಿಳಿ ಗೋಡೆಗೆ ತಿರುಗಿಸಿ, ಹಿಂದಿನಿಂದ ಇಣುಕಿ ಕ್ಲಿಕ್ ಮಾಡಿದೆ. ಎಕ್ಸ್‌ನಲ್ಲಿ 1/60ಕ್ಕೆ ಬೆಳಕಿನ ಆಯತ ಪೂರ್ತಿ ಕಂಡಿತು. 1/125ಕ್ಕೆ ಒಂದು ಬದಿ ಕತ್ತರಿಸಿದ ಹಾಗೆ, ಆ ವೇಗದಲ್ಲಿ ಶಟರ್ ಒಮ್ಮೆಗೇ ಪೂರ್ತಿ ತೆರೆದಿರುವುದಿಲ್ಲ.

ಟಿಟಿಎಲ್ (ಲೆನ್ಸ್ ಮೂಲಕ ಬಂದ ಬೆಳಕು ಅಳೆದು ಫ್ಲಾಶನ್ನು ತಾನಾಗಿಯೇ ಹೊಂದಿಸುವುದು) ಈ ಕ್ಯಾಮೆರಾದಲ್ಲಿ ಆಗುವ ಮಾತಲ್ಲ, ಮ್ಯಾನುಯಲ್ಲೇ ಗತಿ. ನನ್ನ ಫ್ಲಾಶ್‌ನ ಗೈಡ್ ನಂಬರ್, ಅಂದರೆ ಅದರ ಶಕ್ತಿಯ ಅಳತೆ, ಐಎಸ್‌ಒ 100 ಫಿಲ್ಮ್‌ಗೆ 36 ಮೀಟರ್. ಅದನ್ನು ದೂರದಿಂದ ಭಾಗಿಸಿದರೆ ಲೆನ್ಸ್‌ನ ಎಫ್ ಸಂಖ್ಯೆ (ಬೆಳಕಿನ ಕಿಂಡಿಯ ಅಳತೆ) ಸಿಗುತ್ತೆ. 3 ಮೀಟರ್ ದೂರದ ಅಜ್ಜಿಗೆ 36 ಭಾಗಿಸು 3, ಅಂದರೆ 12. ಹತ್ತಿರದ ಎಫ್/11 ಇಟ್ಟೆ. ಮೂಗುಬಟ್ಟಿನ ಹರಳು ಸಹ ಹೊಳೆದಿದೆ.

ನನಗೆ ಗೊತ್ತಿಲ್ಲದಿದ್ದ ವಿಷಯ ಇನ್ನೊಂದು: ಭಯಪಡಬೇಕಾದ್ದು ಇದರ ಉಲ್ಟಾಕ್ಕೆ, ಹೊಸ ಕ್ಯಾಮೆರಾಗೆ ಹಳೇ ಫ್ಲಾಶ್ ಹಾಕೋದಕ್ಕೆ. ಕೆಲವು ಹಳೇ ಫ್ಲಾಶ್‌ಗಳ ಟ್ರಿಗರ್ ವೋಲ್ಟೇಜ್ (ಕ್ಯಾಮೆರಾದ ಸಂಪರ್ಕಕ್ಕೆ ಬರುವ ವೋಲ್ಟೇಜ್) 200 ವೋಲ್ಟ್‌ಗೂ ಹೆಚ್ಚು, ಡಿಜಿಟಲ್ ಕ್ಯಾಮೆರಾ ಸುಟ್ಟುಹೋಗಬಹುದಂತೆ. ಚಿಕ್ಕಪ್ಪನ ಹಳೇ ಫ್ಲಾಶ್ ಸದ್ಯ ಬೀರುವಿನಲ್ಲೇ ಇದೆ.