ಗಾಯಾಳುಗಳಿಗೆ ನೋವುನಿವಾರಕಗಳನ್ನು ಜೊತೆಗೂಡಿಸುವಾಗ: ನಿಮ್ಮ ಅನುಭವ ತಿಳಿಸಿ

ಪ್ರಶ್ನೆ: ತುರ್ತು ಚಿಕಿತ್ಸಾ ವಿಭಾಗಕ್ಕೆ ಸೇರಿ ಮೂರು ತಿಂಗಳಾಯಿತು. ಮೂಳೆ ಮುರಿದು ಬಂದವರಿಗೆ ಮಾರ್ಫಿನ್ ಕೊಟ್ಟು ಹತ್ತು ನಿಮಿಷವಾದರೂ ನರಳಾಟ ನಿಲ್ಲದಿದ್ದಾಗ, ಅದನ್ನೇ ಮತ್ತೆ ಕೊಡಬೇಕೋ ಬೇರೆ ಔಷಧ ಸೇರಿಸಬೇಕೋ ತಿಳಿಯುವುದಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ಮೊದಲು ಮುರಿದ ಭಾಗ ಅಲುಗದಂತೆ ಸ್ಪ್ಲಿಂಟ್ (ಆಸರೆಪಟ್ಟಿ) ಕಟ್ಟಿಸಿ; ಅಲುಗಾಡುವ ಮೂಳೆಯ ನೋವನ್ನು ಯಾವ ಔಷಧವೂ ಪೂರ್ತಿ ತಗ್ಗಿಸದು. ರಕ್ತನಾಳಕ್ಕೆ ಕೊಟ್ಟ ಮಾರ್ಫಿನ್ ತನ್ನ ಪೂರ್ಣ ಪರಿಣಾಮ ತೋರಲು ಸುಮಾರು 20 ನಿಮಿಷ ಬೇಕಾಗುವುದರಿಂದ, ಹತ್ತನೆಯ ನಿಮಿಷದಲ್ಲಿ ದೊಡ್ಡ ಪ್ರಮಾಣವನ್ನು ಮತ್ತೆ ಕೊಟ್ಟರೆ ಎರಡೂ ಒಟ್ಟಿಗೆ ಏರಿ ಕುಳಿತುಕೊಳ್ಳುತ್ತವೆ. ಆ ಬಿಡುವಿನಲ್ಲಿ ಬೇರೆ ದಾರಿಯಿಂದ ಕೆಲಸ ಮಾಡುವ ಔಷಧವನ್ನು, ಅಂದರೆ ಪ್ಯಾರಾಸಿಟಮಾಲ್ 1 ಗ್ರಾಂ ಡ್ರಿಪ್ಪನ್ನು, 15 ನಿಮಿಷಗಳಲ್ಲಿ ಹರಿಸುವುದು ನನ್ನ ರೂಢಿ. ರಕ್ತಸ್ರಾವದ ಅನುಮಾನವಾಗಲಿ ಮೂತ್ರಪಿಂಡದ ತೊಂದರೆಯಾಗಲಿ ಇದ್ದರೆ ಡೈಕ್ಲೋಫೆನಾಕ್, ಕೆಟೊರೊಲ್ಯಾಕ್ ಎಂಬ ಒಂದೇ ಗುಂಪಿನ ಉರಿಯೂತ ತಗ್ಗಿಸುವ ನೋವುನಿವಾರಕಗಳ ಗೋಜಿಗೆ ಹೋಗುವುದಿಲ್ಲ. ಇಲ್ಲದಿದ್ದರೂ ಅವೆರಡನ್ನು ಜೊತೆಯಾಗಿ ಕೊಡುವುದಿಲ್ಲ, ಏಕೆಂದರೆ ಹೆಚ್ಚುವುದು ಅಪಾಯವೇ ಹೊರತು ಉಪಶಮನವಲ್ಲ.

ನನ್ನ ತಪ್ಪೊಂದನ್ನೂ ಹೇಳಬೇಕು. ಭುಜದ ಕೀಲು ತಪ್ಪಿದ್ದ ಯುವಕನೊಬ್ಬನಿಗೆ ಮಾರ್ಫಿನ್ ಜೊತೆಗೆ, ಮಂಪರು ತರಿಸುವ ಮಿಡಾಜೊಲಾಮ್ ಕೊಟ್ಟಿದ್ದೆ. ಕೀಲು ಕೂರುವವರೆಗೂ ಕೂಗುತ್ತಲೇ ಇದ್ದವನು, ಅದು ಕಟಕ್ಕನೆ ಸ್ವಸ್ಥಾನಕ್ಕೆ ಸರಿದ ಒಂದೆರಡು ನಿಮಿಷಗಳಲ್ಲಿ ಮಾತು ನಿಲ್ಲಿಸಿದ. ಉಸಿರು ನಿಮಿಷಕ್ಕೆ ಆರಕ್ಕೆ ಇಳಿಯಿತು. ಅಲ್ಲಿಯವರೆಗೆ ಅವನನ್ನು ಎಚ್ಚರವಾಗಿಟ್ಟಿದ್ದದ್ದು ನೋವೇ. ಗದ್ದ ಎತ್ತಿ ಹಿಡಿದು, ಮಾಸ್ಕಿನಿಂದ ಉಸಿರು ಕೊಟ್ಟು, ಮಾರ್ಫಿನ್ನಿನ ಪರಿಣಾಮವನ್ನು ಇಳಿಸುವ ನಲೋಕ್ಸೋನನ್ನು ಸ್ವಲ್ಪಸ್ವಲ್ಪವಾಗಿ ಕೊಟ್ಟ ಮೇಲೆ ಕಣ್ಣು ಬಿಟ್ಟ. ಮಿಡಾಜೊಲಾಮ್ ನೋವು ಕಳೆಯುವ ಔಷಧವಲ್ಲ ಎಂಬುದು ನನಗೆ ಪುಸ್ತಕದಲ್ಲಿ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

ಉತ್ತರ 2: ಮೇಲಿನ ಮಾತಿಗೆ ಕೆಟಮಿನ್ ಸೇರಿಸುತ್ತೇನೆ; ದೊಡ್ಡ ಪ್ರಮಾಣದಲ್ಲಿ ಅರಿವಳಿಕೆಗೆ ಬಳಸುವ ಔಷಧವಿದು. ಕೆಜಿಗೆ 0.1ರಿಂದ 0.3 ಮಿ.ಗ್ರಾಂನಷ್ಟನ್ನು ಸಲೈನ್‌ನಲ್ಲಿ ಬೆರೆಸಿ 15 ನಿಮಿಷ ಹರಿಸಿದರೆ, ಪ್ರಜ್ಞೆ ತಪ್ಪಿಸದೆ ಮಾರ್ಫಿನ್ನಿನ ಅಗತ್ಯವನ್ನು ತಗ್ಗಿಸುತ್ತದೆ. ಅದೇ ಪ್ರಮಾಣವನ್ನು ಸಿರಿಂಜಿನಿಂದ ಒಮ್ಮೆಲೇ ತಳ್ಳಿದರೆ ತೇಲಿಹೋದಂತಾಗಿ ಗಾಬರಿಯಾಗುವವರು ಹೆಚ್ಚು. ತೊಡೆಮೂಳೆ ಮುರಿದ ವೃದ್ಧರಿಗಾದರೆ ನನ್ನ ಮೊದಲ ಆಯ್ಕೆ ನರದ ಬ್ಲಾಕ್, ಅಂದರೆ ನರದ ಬಳಿ ಚುಚ್ಚುಮದ್ದು ಕೊಟ್ಟು ಆ ಭಾಗವನ್ನಷ್ಟೇ ಮರಗಟ್ಟಿಸುವುದು. ಎಲ್ಲ ಗಾಯಕ್ಕೂ ಮಾರ್ಫಿನ್ ಬೇಕೆಂದೂ ಇಲ್ಲ: 2017ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ, ಕೈಕಾಲು ನೋವಿನ 416 ರೋಗಿಗಳ ಅಧ್ಯಯನದಲ್ಲಿ, ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಮಾತ್ರೆಗಳ ಜೋಡಿಗೂ ಓಪಿಯಾಯ್ಡ್ (ಮಾರ್ಫಿನ್ ಗುಂಪಿನ ಔಷಧ) ಬೆರೆತ ಮಾತ್ರೆಗಳಿಗೂ ಎರಡು ಗಂಟೆಗಳ ಹೊತ್ತಿಗೆ ಗಮನಾರ್ಹ ವ್ಯತ್ಯಾಸ ಕಂಡಿರಲಿಲ್ಲ.

ಉತ್ತರ 3: ನಾನು ಶುಶ್ರೂಷಕಿ. ಔಷಧ ಜೋಡಿಸುವ ಮುನ್ನ, ಮನೆಯಲ್ಲೋ ಆಂಬುಲೆನ್ಸ್‌ನಲ್ಲೋ ಏನು ಕೊಟ್ಟಿದ್ದಾರೆಂದು ಕೇಳಿರಿ. ಜ್ವರದ ಮಾತ್ರೆಯನ್ನು ಯಾರೂ ನೋವಿನ ಔಷಧವೆಂದು ಹೇಳುವುದಿಲ್ಲ, ಆದರೆ ಅದೂ ಪ್ಯಾರಾಸಿಟಮಾಲೇ. 50 ಕೆಜಿಗಿಂತ ಕಡಿಮೆ ತೂಕವಿದ್ದರೆ 1 ಗ್ರಾಂ ಅಲ್ಲ, ಕೆಜಿಗೆ 15 ಮಿ.ಗ್ರಾಂ ಲೆಕ್ಕ. ಕೊಟ್ಟ ಸಮಯವನ್ನು ಆಗಲೇ ಹಾಳೆಯಲ್ಲಿ ಬರೆಯಿರಿ. ಪಾಳಿ ಬದಲಾದಾಗ ಎರಡನೆಯ ಬಾರಿ ಅದೇ ಡ್ರಿಪ್ ಹತ್ತಿಸಲು ಹೊರಟವರನ್ನು ನಾನು ಎರಡು ಸಲ ತಡೆದಿದ್ದೇನೆ.